ಟ್ರೊಮ್ಸೊದಲ್ಲಿ ಸಂಜೆ ಮಾಡಿಕೊಂಡ ಬಗೆ

ಟ್ರೊಮ್ಸೊದಲ್ಲಿ ಮೇ 20ರ ಸುಮಾರಿಗೆ ಮೇಲೆ ಬಂದ ಸೂರ್ಯ ಮತ್ತೆ ಮುಳುಗುವುದು ಜುಲೈ 22ರ ಹೊತ್ತಿಗೆ. ನಡುವಿನ ಎರಡು ತಿಂಗಳು ರಾತ್ರಿ ಅನ್ನುವುದು ಗಡಿಯಾರದಲ್ಲಿ ಮಾತ್ರ ಇರುತ್ತದೆ. ಉತ್ತರ ನಾರ್ವೆಯ ಈ ಊರಿಗೆ ನಾವು ಬಂದು ಕೆಲವು ವರ್ಷಗಳಾದವು. ಗಂಡನಿಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲಸ. ನನಗೆ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಕೇಂದ್ರದಲ್ಲಿ. ಮಗ ಶಿಶುವಿಹಾರಕ್ಕೆ ಹೋಗುತ್ತಾನೆ. ಮಲೆನಾಡಿನ ಸಾಗರದ ಕಡೆಯ ನೆಂಟರು ಫೋನಲ್ಲಿ ಕೇಳುವುದು ಒಂದೇ ಮಾತು, "ಅಲ್ಲಿ ನಿದ್ದೆ ಹೆಂಗೆ ಮಾಡ್ತೀರಿ?" ನಿದ್ದೆಗೆ ಉಪಾಯ ಇದೆ, ಅದನ್ನೂ ಹೇಳುತ್ತೇನೆ. ಅದಕ್ಕಿಂತ ಕಷ್ಟವಾಗಿದ್ದು ದಿನವನ್ನು ಮುಗಿಸುವುದು. ಕತ್ತಲು ಬಂದು ಇವತ್ತಿಗೆ ಸಾಕು ಅಂತ ಹೇಳದೆ ಹೋದರೆ ಯಾರೂ ತಾವಾಗಿ ಕೈ ತೊಳೆದುಕೊಂಡು ಕೂರುವುದಿಲ್ಲ.

ಈ ಬೆಳಕು ಮೇ ತಿಂಗಳಲ್ಲಿ ಒಮ್ಮೆಲೇ ಬಂದು ನಿಲ್ಲುವುದಿಲ್ಲ. ಮಾರ್ಚ್ 21ರ ಹೊತ್ತಿಗೆ ಎಲ್ಲ ಕಡೆಯಂತೆ ಇಲ್ಲಿಯೂ ಹಗಲು ರಾತ್ರಿ ಸಮ. ಅಲ್ಲಿಂದ ಎರಡು ತಿಂಗಳಲ್ಲಿ ಹನ್ನೆರಡು ಗಂಟೆಯ ಹಗಲು ಇಪ್ಪತ್ತನಾಲ್ಕು ಗಂಟೆ ಆಗಬೇಕು. ಅಂದರೆ ದಿನಕ್ಕೆ ಸುಮಾರು ಹನ್ನೆರಡು ನಿಮಿಷ, ವಾರಕ್ಕೆ ಒಂದು ಗಂಟೆಗೂ ಜಾಸ್ತಿ. ಏಪ್ರಿಲ್ ಕೊನೆಗೇ ನಡುರಾತ್ರಿ ಕಪ್ಪಾಗುವುದು ನಿಂತಿರುತ್ತದೆ. ಆಗ ಇನ್ನೂ ನೆಲದ ತುಂಬ ಹಿಮ. 1997ರ ಏಪ್ರಿಲ್ 29ರಂದು ಈ ಊರಲ್ಲಿ 240 ಸೆಂಟಿಮೀಟರ್ ಹಿಮ ಅಳೆದಿದ್ದಾರೆ, ಅದೇ ಇಲ್ಲಿಯವರೆಗಿನ ದಾಖಲೆ. ಹಿಮ ಬೆಳಕನ್ನು ವಾಪಸ್ ಎಸೆಯುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಪರದೆ ಕಟ್ಟುವ ಕೆಲಸ ಏಪ್ರಿಲ್‌ನಲ್ಲೇ ಶುರು.

ಸೂರ್ಯ ಇಲ್ಲಿ ನೆತ್ತಿಗೆ ಬರುವುದೇ ಇಲ್ಲ. ಜೂನ್ 21ರ ನಡುಹಗಲಲ್ಲೂ ದಿಗಂತದಿಂದ 44 ಡಿಗ್ರಿಯಷ್ಟು ಮೇಲೆ ಇರುತ್ತಾನೆ, ಅಷ್ಟೇ. ಆಮೇಲೆ ಇಳಿಯುತ್ತ ಇಳಿಯುತ್ತ ಊರನ್ನು ಸುತ್ತು ಹಾಕುತ್ತಾನೆ. ಬೆಳಗ್ಗೆ ಏಳೂವರೆಯ ಸುಮಾರಿಗೆ ಪೂರ್ವ, ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ದಕ್ಷಿಣ, ಸಂಜೆ ಆರರ ಹತ್ತಿರ ಪಶ್ಚಿಮ, ರಾತ್ರಿ ಹನ್ನೆರಡೂ ಮುಕ್ಕಾಲಿಗೆ ಸರಿಯಾಗಿ ಉತ್ತರ. ಉತ್ತರದಲ್ಲಿ ಇದ್ದಾಗ ದಿಗಂತದಿಂದ ಬರೀ ಮೂರು ಡಿಗ್ರಿ ಮೇಲೆ. ಆ ಹೊತ್ತಲ್ಲಿ ನಿಂತರೆ ನಮ್ಮ ನೆರಳು ನಮ್ಮ ಎತ್ತರದ ಹದಿನೆಂಟು ಪಟ್ಟು ಉದ್ದ ಬೀಳುತ್ತದೆ. ಮಗನ ನೆರಳು ರಸ್ತೆ ದಾಟಿ ಎದುರಿನ ಮನೆಯ ಬೇಲಿ ಮುಟ್ಟುತ್ತದೆ. ಇಷ್ಟು ಓರೆಯಾಗಿ ಬರುವ ಬೆಳಕಿಗೆ ಸೂರು, ಸಜ್ಜಾ ಯಾವುದೂ ಅಡ್ಡ ಬರುವುದಿಲ್ಲ. ನೇರ ಕೋಣೆಯ ಒಳಗೆ, ಹಾಸಿಗೆಯವರೆಗೆ ಬರುತ್ತದೆ.

ನಮ್ಮ ಮೊದಲ ಬಾಡಿಗೆ ಮನೆಯಲ್ಲಿ ಮಲಗುವ ಕೋಣೆ ಈಶಾನ್ಯಕ್ಕಿತ್ತು. ಬೆಳಗಿನ ಜಾವ ಮೂರರಿಂದ ನಾಲ್ಕರ ಹೊತ್ತಿಗೆ ಸೂರ್ಯ ಸರಿಯಾಗಿ ಕಿಟಕಿಯ ಎದುರಿಗೆ. ಮನೆಯ ಮಾಲೀಕರು ಒಂದು ಸುತ್ತಿಡುವ ಕಪ್ಪು ಪರದೆ ಹಾಕಿಕೊಟ್ಟಿದ್ದರು. ಪರದೆ ಒಳ್ಳೆಯದೇ, ಆದರೆ ಎರಡೂ ಬದಿಗೆ ಬೆರಳಗಲ ಸಂದು. ಆ ಸಂದಿನಿಂದ ಬಂದ ಬೆಳಕಿನ ಗೆರೆ ಗೋಡೆಯಿಂದ ಇಳಿದು ದಿಂಬಿಗೆ ಬಂದು ಮಗನ ಕಣ್ಣಿನ ಮೇಲೆ ನಿಲ್ಲುತ್ತಿತ್ತು. ಅವನು ಎದ್ದು ಕೂತು "ಅಮ್ಮಾ, ಬೆಳಗಾಯ್ತು" ಅನ್ನುತ್ತಿದ್ದ. ಹೊರಗೆ ನೋಡಿದರೆ ಹಕ್ಕಿಗಳು ಕೂಗುತ್ತಿರುತ್ತವೆ, ಬೆಳಗಾಗಿದೆ ಅನ್ನುವುದಕ್ಕೆ ಎಲ್ಲ ಸಾಕ್ಷಿಯೂ ಇದೆ. ಇಲ್ಲ ಅಂತ ಮಗುವಿಗೆ ಹೇಗೆ ನಂಬಿಸುವುದು?

ಹಲವರು ಗಾಜಿಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸುತ್ತಾರೆ. ನಾವೂ ಒಂದು ಬೇಸಿಗೆ ಹಾಗೆ ಮಾಡಿದೆವು. ಕತ್ತಲೇನೋ ಆಗುತ್ತದೆ, ಗಾಳಿ ಇರುವುದಿಲ್ಲ. ಇಲ್ಲಿನ ಮನೆಗಳನ್ನು ಶಾಖ ಹೊರಗೆ ಹೋಗದ ಹಾಗೆ ಕಟ್ಟುತ್ತಾರೆ. ಇಡೀ ದಿನ ಬಿಸಿಲು ಬಿದ್ದರೆ ಒಳಗೆ ಧಗೆ. ಕಿಟಕಿ ತೆಗೆದರೆ ಗಾಳಿಗೆ ಪರದೆ ಹಾರಿ ಬೆಳಕು ಒಳಗೆ ನುಗ್ಗುತ್ತದೆ. ಕೊನೆಗೆ ಕೆಲಸಕ್ಕೆ ಬಂದದ್ದು ದಪ್ಪ ಬಟ್ಟೆಯ ಪರದೆ. ಕಿಟಕಿಗಿಂತ ಎರಡೂ ಕಡೆ ಒಂದೊಂದು ಗೇಣು ಅಗಲ, ಸರಳನ್ನು ಚೌಕಟ್ಟಿಗೆ ಹೊಡೆಯದೆ ಮೇಲಿನ ಸೀಲಿಂಗಿಗೇ ಹೊಡೆದದ್ದು. ಕೆಳಗಿನ ಅಂಚಿನೊಳಗೆ ಒಂದು ಸಣ್ಣ ಕಬ್ಬಿಣದ ಸರಪಳಿ ಇಟ್ಟು ಹೊಲಿದೆ. ಭಾರಕ್ಕೆ ಪರದೆ ಹಾರುವುದಿಲ್ಲ, ಕಿಟಕಿ ಒಂದಿಷ್ಟು ತೆಗೆದೇ ಮಲಗಬಹುದು. ನಿದ್ದೆಯ ಪ್ರಶ್ನೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು.

ಆದರೆ ಮಲಗಬೇಕು ಅಂತ ಅನ್ನಿಸಬೇಕಲ್ಲ!

ಮೇ ಕೊನೆಯ ವಾರ, ಜೂನ್ ಮೊದಲ ವಾರ ಮೈಯಲ್ಲಿ ಎಲ್ಲಿಲ್ಲದ ಹುರುಪು. ಬರ್ಚ್ ಮರಗಳು ನಾಲ್ಕಾರು ದಿನದಲ್ಲಿ ಚಿಗುರಿಬಿಡುತ್ತವೆ. ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯ ಮಕ್ಕಳು ಟ್ರ್ಯಾಂಪೊಲಿನ್ ಮೇಲೆ ಕುಣಿಯುತ್ತಿರುತ್ತಾರೆ. ಗುಡ್ಡದ ಮೇಲೆ ಸ್ಟೋರ್‌ಸ್ಟೈನೆನ್‌ಗೆ ಹೋಗುವ ರೋಪ್‌ವೇ ನಡುರಾತ್ರಿಯವರೆಗೂ ಜನರನ್ನು ಹೊರುತ್ತದೆ. ನೇಪಾಳದ ಶೆರ್ಪಾಗಳು ಕಟ್ಟಿಕೊಟ್ಟ ಸಾವಿರದ ಇನ್ನೂರರಷ್ಟು ಕಲ್ಲಿನ ಮೆಟ್ಟಿಲುಗಳೂ ಅಲ್ಲಿವೆ. ಊಟ ಮುಗಿಸಿ ಅದನ್ನು ಹತ್ತಿ ಬರುವವರು ಎಷ್ಟೋ ಜನ. ಜೂನ್‌ನಲ್ಲಿ ನಡುರಾತ್ರಿ ಸೂರ್ಯನ ಹೆಸರಲ್ಲೇ ಮ್ಯಾರಥಾನ್ ನಡೆಯುತ್ತದೆ. ಎರಡು ತಿಂಗಳು ಸೂರ್ಯನ ಮುಖ ಕಾಣದೆ ಚಳಿಗಾಲ ಕಳೆದ ಜನ ಇವರು. ಜನವರಿ 21ಕ್ಕೆ ಸೂರ್ಯ ಬೆಟ್ಟದ ಮೇಲೆ ಮೊದಲ ಸಲ ಇಣುಕಿದರೆ ಊರಿಗೆ ಊರೇ ಸಿಹಿ ಬನ್ನು ತಿಂದು ಹಬ್ಬ ಮಾಡುತ್ತದೆ. ಅಂಥವರು ಜೂನ್ ತಿಂಗಳ ಒಂದು ಗಂಟೆಯನ್ನೂ ಬಿಡಲು ಒಪ್ಪುವುದಿಲ್ಲ. ಅವರ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ನಮ್ಮ ಮನೆಯಲ್ಲೂ ಅದೇ ಆಯಿತು. ಗಂಡ ರಾತ್ರಿ ಹತ್ತಕ್ಕೆ ಕಪಾಟಿಗೆ ಬಣ್ಣ ಹಚ್ಚಲು ಕೂತರೆ ಒಂದು ಗಂಟೆಗೂ ಬ್ರಷ್ ಕೆಳಗಿಡುತ್ತಿರಲಿಲ್ಲ. ನಾನು ಹನ್ನೆರಡಕ್ಕೆ ಬಟ್ಟೆ ಒಗೆಯಲು ಹಾಕಿ, ಅದು ಆಗುವವರೆಗೆ ಅಂತ ದೋಸೆ ಹಿಟ್ಟು ರುಬ್ಬುತ್ತಿದ್ದೆ. ಒಂಬತ್ತಕ್ಕೆ ಊಟ, ಹನ್ನೊಂದೂವರೆಗೆ ಮತ್ತೆ ಹಸಿವು. ಜೂನ್ ನಡುವಿಗೆ ಬರುವಾಗ ಹುರುಪು ಇಳಿದು ಬೇರೆಯೇ ಒಂದು ಸ್ಥಿತಿ. ದಣಿವಿದೆ, ಮಲಗುವ ಮನಸ್ಸಿಲ್ಲ. ಸಣ್ಣ ಮಾತಿಗೂ ಸಿಟ್ಟು. ಮಗ ಚಮಚ ಬೀಳಿಸಿದರೆ ಕಣ್ಣಲ್ಲಿ ನೀರು.

ಮೈಯೊಳಗೆ ಏನಾಗುತ್ತದೆ ಅಂತ ತಿಳಿದುಕೊಂಡ ಮೇಲೆ ನನಗೆ ತುಂಬ ಸಮಾಧಾನವಾಯಿತು. ಕಣ್ಣಿನ ಹಿಂಪರದೆಯಲ್ಲಿ ನೋಡುವ ಕೋಶಗಳಲ್ಲದೆ ಮೆಲನಾಪ್ಸಿನ್ ಅನ್ನುವ ವಸ್ತು ಇರುವ ಇನ್ನೊಂದು ಬಗೆಯ ಕೋಶಗಳಿವೆ. ಬೆಳಕು ಬಿದ್ದಾಗ, ಅದರಲ್ಲೂ ನೀಲಿ ಬೆಳಕು ಬಿದ್ದಾಗ, ಇನ್ನೂ ಹಗಲಿದೆ ಅಂತ ಅವು ಮಿದುಳಿನ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ. ಸುದ್ದಿ ಹೋಗುತ್ತಲೇ ಇದ್ದರೆ ನಿದ್ದೆಗೆ ಮೈಯನ್ನು ಅಣಿಮಾಡುವ ಮೆಲಟೋನಿನ್ ಬರುವುದು ಮುಂದೆ ಹೋಗುತ್ತದೆ. ಜೊತೆಗೆ ಇನ್ನೊಂದಿದೆ. ಮನುಷ್ಯನ ಒಳಗಡಿಯಾರವನ್ನು ಅದರ ಪಾಡಿಗೆ ಬಿಟ್ಟರೆ ಸರಾಸರಿ 24 ಗಂಟೆಗಿಂತ ಸ್ವಲ್ಪ ನಿಧಾನ ಓಡುತ್ತದೆ. ಬೇರೆ ಊರಲ್ಲಿ ಪ್ರತಿದಿನ ಬೆಳಗು, ಕತ್ತಲು ಅದನ್ನು ಸರಿಮಾಡುತ್ತವೆ. ಇಲ್ಲಿ ಬೇಸಿಗೆಯಲ್ಲಿ ಸರಿಮಾಡುವವರಿಲ್ಲ. ದಿನದಿನವೂ ಒಂದಿಷ್ಟು ತಡ, ಮತ್ತೊಂದಿಷ್ಟು ತಡ.

1950ರ ದಶಕದಲ್ಲಿ ಲೂಯಿಸ್ ಮತ್ತು ಮೇರಿ ಲಾಬನ್ ಎಂಬ ಬ್ರಿಟನ್ನಿನ ವಿಜ್ಞಾನಿಗಳು ಇದನ್ನೇ ಪರೀಕ್ಷೆ ಮಾಡಲು ನಮಗಿಂತಲೂ ಎಷ್ಟೋ ಉತ್ತರದ ಸ್ಪಿಟ್ಸ್‌ಬರ್ಗನ್ ದ್ವೀಪಕ್ಕೆ ಹೋಗಿದ್ದರು. ಬೇಸಿಗೆಯಲ್ಲಿ ಅಲ್ಲೂ ಕತ್ತಲಿಲ್ಲ. ಹೋದವರ ಕೈಗೆ ಬೇಕೆಂದೇ ಬೇಗ ಅಥವಾ ನಿಧಾನ ಓಡುವ ವಾಚು ಕಟ್ಟಿದರು. ಕೆಲವರ ದಿನ 21 ಗಂಟೆ, ಕೆಲವರದ್ದು 27 ಗಂಟೆ. ಎಲ್ಲರೂ ವಾಚು ನೋಡಿಕೊಂಡೇ ಎದ್ದರು, ಉಂಡರು, ಮಲಗಿದರು. ಮೈಯ ಬಿಸಿ ಏರಿಳಿಯುವುದು ಹೆಚ್ಚಿನವರಲ್ಲಿ ಬೇಗ ವಾಚಿಗೆ ಹೊಂದಿಕೊಂಡಿತು. ಮೂತ್ರದಲ್ಲಿ ಪೊಟ್ಯಾಸಿಯಂ ಹೋಗುವ ಲಯ ಮಾತ್ರ 24 ಗಂಟೆಯನ್ನೇ ಹಿಡಿದುಕೊಂಡು ಕೂತಿತು. ಒಂದೇ ಮೈಯೊಳಗೆ ಎರಡು ದಿನ! ಜೂನ್ ನಡುವಿನ ನನ್ನ ಆ ಅಳು, ಆ ಸಿಟ್ಟಿಗೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ಸಿಕ್ಕಿಲ್ಲ.

ಬಿಸಿಲಿರುವ ರಾತ್ರಿಗಿಂತ ಮೋಡದ ರಾತ್ರಿ ಕಷ್ಟ ಅನ್ನುವುದು ಇಲ್ಲಿ ಇದ್ದವರಿಗೇ ಗೊತ್ತು. ಸೂರ್ಯ ಕಂಡರೆ ಯಾವ ಬೆಟ್ಟದ ಮೇಲಿದ್ದಾನೆ ಅಂತ ನೋಡಿ ಗಂಟೆ ಹೇಳಬಹುದು. ಟ್ರೊಮ್ಸೊದ ಬೇಸಿಗೆಯಲ್ಲಿ ಮೋಡವೇ ಜಾಸ್ತಿ. ಬೂದಿಬಣ್ಣದ ಆಕಾಶ ಸಂಜೆ ನಾಲ್ಕಕ್ಕೂ ಬೆಳಗಿನ ಜಾವ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ ಥರ. ಒರಗಿದವಳು ಎಚ್ಚರವಾಗಿ ಫೋನಿನಲ್ಲಿ 5.10 ನೋಡಿ, ಇದು ಯಾವ ಐದು ಗಂಟೆ ಅಂತ ತಿಳಿಯಲು ಮಗ ಮನೆಯಲ್ಲಿದ್ದಾನಾ ಅಂತ ಕೋಣೆಗೆ ಹೋಗಿ ನೋಡಿದ್ದೂ ಉಂಟು.

ಸಂಜೆಯನ್ನು ನಾವೇ ಮಾಡಿಕೊಳ್ಳಬೇಕು ಅನ್ನುವುದನ್ನು ನನಗೆ ಮೊದಲು ತೋರಿಸಿದ್ದು ನನ್ನ ಕೆಲಸದ ಜಾಗ. ಅಲ್ಲಿರುವವರು ಎಂಬತ್ತು, ತೊಂಬತ್ತು ದಾಟಿದವರು. ಕೆಲವರಿಗೆ ಮರೆವಿನ ಕಾಯಿಲೆ. ಚಳಿಗಾಲದಲ್ಲಿ ನೈಟ್ ಶಿಫ್ಟ್ ಅಂದರೆ ಕಾರಿಡಾರಿನಲ್ಲಿ ಸದ್ದಿಲ್ಲದೆ ಓಡಾಡುವುದು. ಜೂನ್‌ನಲ್ಲಿ ಹಾಗಲ್ಲ. ಒಂದು ರಾತ್ರಿ ಎರಡು ಗಂಟೆಗೆ ಒಬ್ಬ ಅಜ್ಜಿ ಕೋಟು ಹಾಕಿ, ಗುಂಡಿ ಎಲ್ಲ ಸರಿಯಾಗಿ ಹಾಕಿಕೊಂಡು, ಕೈಚೀಲ ತೊಡೆಯ ಮೇಲಿಟ್ಟು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಬಸ್ಸು ತಡವಾಯಿತು ಅಂದರು. ಇದು ರಾತ್ರಿ ಅಂತ ಹೇಳಿದರೆ ಕಿಟಕಿ ತೋರಿಸುತ್ತಾರೆ. ಅವರು ತೋರಿಸುವುದರಲ್ಲಿ ತಪ್ಪೇನಿಲ್ಲ, ಬಿಸಿಲು ನೆಲದ ಮೇಲೆ ಬಿದ್ದಿರುತ್ತದೆ. ನನ್ನ ಜೊತೆಯಲ್ಲಿದ್ದ ಹಿರಿಯ ನರ್ಸ್ ಮಾತಾಡಲಿಲ್ಲ. ಪರದೆ ಎಳೆದರು. ಸಣ್ಣ ಹಳದಿ ದೀಪ ಹಾಕಿದರು. ಹಾಲು ಬಿಸಿ ಮಾಡಿ ತಂದು ಕೊಟ್ಟು ಪಕ್ಕದಲ್ಲಿ ಕೂತರು. ಕಾಲು ಗಂಟೆಯಲ್ಲಿ ಅಜ್ಜಿ ತಾವಾಗಿಯೇ ಕೋಟಿನ ಗುಂಡಿ ಬಿಚ್ಚತೊಡಗಿದರು.

ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಎಂಟಕ್ಕೆ ಎಲ್ಲ ಪರದೆ ಎಳೆಯುವುದು ಔಷಧಿ ಕೊಡುವಷ್ಟೇ ಮುಖ್ಯವಾದ ಕೆಲಸ. ಬೆಳಗ್ಗೆ ಏಳಕ್ಕೆ ಪೂರ್ತಿ ತೆಗೆಯುವುದೂ ಅಷ್ಟೇ ಮುಖ್ಯ. ಶಿಫ್ಟ್ ಮುಗಿಸಿ ಮನೆಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿಕೊಂಡು ಹೋಗು ಅಂತ ಕಲಿಸಿದ್ದೂ ಆ ನರ್ಸೇ. ದಾರಿಯ ಬಿಸಿಲು ಕಣ್ಣಿಗೆ ಬಿದ್ದರೆ ಮನೆಗೆ ಹೋದ ಮೇಲೆ ನಿದ್ದೆ ಹತ್ತುವುದಿಲ್ಲ.

ಅಲ್ಲಿನ ಒಬ್ಬ ಅಜ್ಜನನ್ನು ಕೇಳಿದ್ದೆ, ನಿಮ್ಮ ಕಾಲದಲ್ಲಿ ಏನು ಮಾಡುತ್ತಿದ್ದಿರಿ ಅಂತ. ಅವರದ್ದು ಮೀನು ಹಿಡಿದು, ನಾಲ್ಕು ಹಸು ಸಾಕಿ ಬದುಕಿದ ಮನೆ. ಮಳೆ ಇಲ್ಲದ ದಿನ ಸಿಕ್ಕರೆ ರಾತ್ರಿಯಾದರೂ ಹುಲ್ಲು ಕೊಯ್ದು ತಂತಿಯ ಮೇಲೆ ಒಣಹಾಕಬೇಕಿತ್ತು ಅಂದರು. "ನಾವು ಮಲಗಿದ್ದರೆ ಚಳಿಗಾಲಕ್ಕೆ ಹಸು ಏನು ತಿನ್ನಬೇಕು?" ಆ ಮಾತಲ್ಲಿ ಇವರ ಬೇಸಿಗೆಯ ಅವಸರ ಎಲ್ಲಿಂದ ಬಂತು ಅನ್ನುವುದು ಕಾಣುತ್ತದೆ. ನಮ್ಮ ಮಲೆನಾಡಲ್ಲೂ ಮಳೆ ಹಿಡಿಯುವ ಮುಂಚೆ ಸೌದೆ, ದರಗು ಎಲ್ಲ ಒಳಗೆ ಹಾಕುವ ಅವಸರ ಇರುತ್ತದಲ್ಲ, ಹಾಗೆ.

ಆಮೇಲೆ ಒಂದು ಜೂನ್‌ನಲ್ಲಿ ಅಮ್ಮ ಬಂದರು. ಊರಲ್ಲಿ ಆಗ ಮಳೆಗಾಲ, ಮಧ್ಯಾಹ್ನ ನಾಲ್ಕಕ್ಕೇ ಮನೆಯೊಳಗೆ ಕತ್ತಲು. ಅಲ್ಲಿಂದ ಇಲ್ಲಿಗೆ ಬಂದವರು ಮೊದಲ ದಿನ ಸಂಜೆ ಕೈಕಾಲು ತೊಳೆದು, ಚೀಲದಿಂದ ಹೂಬತ್ತಿ ತೆಗೆದು ನನ್ನ ಮುಖ ನೋಡಿದರು.

"ದೀಪ ಎಷ್ಟೊತ್ತಿಗೆ ಹಚ್ಚೂದೇ ಇಲ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಸ್ಸಂಜೆ ಅನ್ನುವುದೇ ಇಲ್ಲದ ಜಾಗ. ಏಕಾದಶಿ, ಸಂಕಷ್ಟಿಗೆ ಅವರು ಊರಿನ ಪಂಚಾಂಗವನ್ನೇ ತಂದಿದ್ದರು. ತಿಥಿ ಲೆಕ್ಕ ಸೂರ್ಯೋದಯದ ಮೇಲೆ ನಿಂತದ್ದು, ಇಲ್ಲಿ ಉದಯವೇ ಇಲ್ಲ, ಹಾಗಾಗಿ ಊರಿನದ್ದೇ ಸರಿ ಅಂತ ತೀರ್ಮಾನಿಸಿದರು. ದೀಪದ್ದು ಹಾಗೆ ಬಗೆಹರಿಯಲಿಲ್ಲ. ಊರಲ್ಲಿ ಸಂಜೆ ಏಳು ಅಂದರೆ ಇಲ್ಲಿ ಮಧ್ಯಾಹ್ನ ಮೂರೂವರೆ. ಆಗ ಮನೆಯಲ್ಲಿ ಯಾರೂ ಇರುವುದಿಲ್ಲ.

ನನ್ನ ಜೊತೆ ಕೆಲಸ ಮಾಡುವ ಸೊಮಾಲಿಯಾದ ಗೆಳತಿಯ ವಿಷಯ ಅಮ್ಮನಿಗೆ ಹೇಳಿದೆ. ರಂಜಾನ್ ಜೂನ್‌ನಲ್ಲಿ ಬಂದ ವರ್ಷಗಳಲ್ಲಿ ಅವರ ಮನೆಯವರು ಉಪವಾಸ ಹಿಡಿದದ್ದು, ಬಿಟ್ಟದ್ದು ಮೆಕ್ಕಾದ ಹೊತ್ತು ನೋಡಿಕೊಂಡು. ಸೂರ್ಯ ಮುಳುಗದ ಊರಲ್ಲಿ ಮುಳುಗುವವರೆಗೆ ಕಾಯಲು ಆಗುವುದಿಲ್ಲವಲ್ಲ. ಅಮ್ಮ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತರು. "ಹಂಗಾರೆ ನಾವೂ ಒಂದು ಹೊತ್ತು ಇಟ್ಕಳುವ. ಏಳು ಗಂಟೆ. ಈ ಮನೆ ಗಡಿಯಾರದ ಏಳು" ಅಂದರು.

ಹಚ್ಚಿದರು. ಅಡುಗೆಮನೆಯ ಪಕ್ಕದ ಗೂಡಿನಲ್ಲಿ ದೇವರು. ಪಶ್ಚಿಮದ ಬಿಸಿಲು ನೇರ ಅಲ್ಲಿಗೇ ಬೀಳುತ್ತದೆ. ಬತ್ತಿ ಉರಿಯುತ್ತಿದೆ, ಉರಿ ಕಾಣುವುದಿಲ್ಲ. ಅಮ್ಮ ಬಗ್ಗಿ ನೋಡಿದರು, ಬೆರಳು ಹತ್ತಿರ ತಂದು ಬಿಸಿ ಇದೆಯಾ ಅಂತ ನೋಡಿದರು. ಆಮೇಲೆ ಎದ್ದು ಹೋಗಿ ಹಾಲಿನ ಎರಡೂ ಪರದೆ ಎಳೆದರು. ದೀಪ ಆಗ ಕಂಡಿತು. ಮಗ ಆಟ ಬಿಟ್ಟು ಬಂದು ಅಜ್ಜಿಯ ಪಕ್ಕ ಕೂತ. ಅವರು ಬಾಯಿಗೆ ಬಂದ ಭಜನೆ ಹೇಳಿದರು. ಆ ದಿನ ಪರದೆ ಮತ್ತೆ ತೆಗೆಯಲಿಲ್ಲ. ಏಳೂವರೆಗೆ ಊಟ, ಎಂಟೂವರೆಗೆ ಮಗ ಆಕಳಿಸಿದ. ಜೂನ್‌ನಲ್ಲಿ ಅವನು ಆ ಹೊತ್ತಿಗೆ ಆಕಳಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಮ್ಮ ಮೂರು ತಿಂಗಳ ವೀಸಾ ಮುಗಿಸಿ ಹೋದರು, ಏಳು ಗಂಟೆ ಉಳಿಯಿತು. ಮೇ ಬಂದರೆ ದೀಪ ಹಚ್ಚಿ ಪರದೆ ಎಳೆಯುತ್ತೇವೆ. ಆಮೇಲೆ ಮನೆಯಲ್ಲಿ ಹೊಸ ಕೆಲಸ ಶುರು ಮಾಡುವಂತಿಲ್ಲ. ಬಣ್ಣದ ಡಬ್ಬಿ ಮುಚ್ಚಬೇಕು. ಮಿಕ್ಸಿ ಹಾಕುವಂತಿಲ್ಲ. ಬೆಳಗ್ಗೆ ಆರೂವರೆಗೆ ಎಲ್ಲ ಪರದೆ ಒಟ್ಟಿಗೆ ತೆಗೆದು, ಎಲ್ಲರೂ ಹತ್ತು ನಿಮಿಷ ಬಾಲ್ಕನಿಯಲ್ಲಿ ಬೆಳಕಿಗೆ ಮುಖ ಕೊಟ್ಟು ನಿಲ್ಲುತ್ತೇವೆ. ತಡವಾಗುತ್ತ ಹೋಗುವ ಒಳಗಡಿಯಾರವನ್ನು ಬೆಳಗಿನ ಬೆಳಕು ಮತ್ತೆ ಸರಿಯಾದ ಹೊತ್ತಿಗೆ ತರುತ್ತದೆ, ಅದನ್ನು ಬಿಡಬಾರದು. ಶನಿವಾರ ಮಾತ್ರ ಎಲ್ಲಕ್ಕೂ ರಜೆ. ಅಂದು ಕ್ವಾಲೋಯ ದ್ವೀಪದ ಕಡೆ ಹೋಗಿ ನಡುರಾತ್ರಿಯವರೆಗೆ ಸಮುದ್ರದ ದಡದಲ್ಲಿ ಕೂರುತ್ತೇವೆ. ಇಷ್ಟು ದೂರ ಬಂದು ಆ ಚಿನ್ನದ ಬೆಳಕನ್ನು ನೋಡದೆ ಇರಲು ನನ್ನಿಂದ ಸಾಧ್ಯವಿಲ್ಲ. ರಸ್ತೆ ಬದಿಯಲ್ಲಿ ಹಿಮಸಾರಂಗಗಳು ಮೇಯುತ್ತಿರುತ್ತವೆ. ಮೇಯುವುದು, ಮಲಗಿ ಮೆಲುಕು ಹಾಕುವುದು, ಮತ್ತೆ ಮೇಯುವುದು, ಅವಕ್ಕೆ ರಾತ್ರಿ ಹಗಲಿನ ಹಂಗಿಲ್ಲ. ಅವುಗಳ ಕಣ್ಣಿನ ಹಿಂದಿನ ಹೊಳೆಯುವ ಪದರ ಬೇಸಿಗೆಯಲ್ಲಿ ಚಿನ್ನದ ಬಣ್ಣ, ಚಳಿಗಾಲದಲ್ಲಿ ನೀಲಿ ಆಗುತ್ತದೆ ಅಂತ ಇಲ್ಲಿನ ವಿಜ್ಞಾನಿಗಳು ಲಂಡನ್ನಿನವರ ಜೊತೆ ಸೇರಿ 2013ರಲ್ಲಿ ತೋರಿಸಿಕೊಟ್ಟಿದ್ದಾರೆ. ನಮಗೆ ಅಂಥ ಕಣ್ಣಿಲ್ಲ, ಪರದೆಯೇ ಗತಿ.

2019ರಲ್ಲಿ ಇಲ್ಲಿಗೆ ಹತ್ತಿರದ ಸೊಮ್ಮಾರೋಯ್ ದ್ವೀಪದವರು ಗಡಿಯಾರವನ್ನೇ ಬಿಟ್ಟುಬಿಡುತ್ತಾರಂತೆ ಅನ್ನುವ ಸುದ್ದಿ ಲೋಕವೆಲ್ಲ ಹರಡಿತ್ತು. ಪ್ರವಾಸೋದ್ಯಮಕ್ಕಾಗಿ ಮಾಡಿದ ಪ್ರಚಾರ ಅದು ಅಂತ ಆಮೇಲೆ ಗೊತ್ತಾಯಿತು. ಓದಿದವರಿಗೆ ಆಸೆ ಹುಟ್ಟಿಸುವ ಕಲ್ಪನೆ, ಒಪ್ಪುತ್ತೇನೆ. ಆದರೆ ಚಿಕ್ಕ ಮಗು ಇರುವ ಮನೆಯಲ್ಲಿ, ಮರೆವಿನ ಕಾಯಿಲೆಯ ಅಜ್ಜಿಯ ಕೋಣೆಯಲ್ಲಿ ಗಡಿಯಾರ ಬೇಕೇ ಬೇಕು.

ಜುಲೈ ಕೊನೆಗೆ ಸೂರ್ಯ ಒಂದಿಷ್ಟು ಹೊತ್ತು ಮುಳುಗಿ ಮತ್ತೆ ಬರುತ್ತಾನೆ. ಆಗಲೂ ಕತ್ತಲಾಗುವುದಿಲ್ಲ. ಆಗಸ್ಟ್ ನಡುವಿನ ಆಚೆಗೆ ಒಂದೆರಡು ನಕ್ಷತ್ರ, ತಿಂಗಳ ಕೊನೆಗೆ ಆಕಾಶ ತಿಳಿಯಾಗಿದ್ದರೆ ಉತ್ತರದ ಬೆಳಕು ಅನ್ನುವ ಅರೋರಾ. ಆ ದಿನಗಳಲ್ಲಿ ಇಡೀ ಬೇಸಿಗೆಯ ದಣಿವು ಒಟ್ಟಿಗೆ ಬಂದು ಎಲ್ಲರೂ ಒಂಬತ್ತಕ್ಕೇ ಮಲಗುತ್ತೇವೆ. ನೆರೆಯವರೂ ಹಾಗೇ ಅನ್ನುತ್ತಾರೆ.

ಈ ವಸಂತದಲ್ಲಿ ಕನ್ನಡದವರದ್ದೇ ಇನ್ನೊಂದು ಕುಟುಂಬ ಇಲ್ಲಿಗೆ ಬಂದಿದೆ, ಎರಡು ವರ್ಷದ ಮಗಳಿದ್ದಾಳೆ. ಮನೆ ಹುಡುಕುವಾಗ ಮಲಗುವ ಕೋಣೆ ದಕ್ಷಿಣಕ್ಕಿರಲಿ ಅಂತ ಹೇಳಿದ್ದೆ, ರಾತ್ರಿಯ ಬಿಸಿಲು ಆ ಕಡೆ ಬರುವುದಿಲ್ಲ. ಸಿಕ್ಕಿದ ಮನೆಯಲ್ಲಿ ಅದು ವಾಯವ್ಯಕ್ಕಿದೆ, ಹತ್ತು ಗಂಟೆಯ ಬಿಸಿಲು ತೊಟ್ಟಿಲ ಮೇಲೇ ಬೀಳುತ್ತದೆ. ಹೋದ ಶನಿವಾರ ಟೇಪು ತೆಗೆದುಕೊಂಡು ಹೋಗಿ ಕಿಟಕಿಯ ಅಳತೆ ತಂದೆ. ಬಟ್ಟೆಗೆ ಆರ್ಡರ್ ಕೊಟ್ಟಾಗಿದೆ, ಸರಳು ಹೊಡೆದುಕೊಡುತ್ತೇನೆ ಅಂತ ನನ್ನ ಗಂಡ ಒಪ್ಪಿದ್ದಾರೆ. ಅಂಚಿಗೆ ಸರಪಳಿ ಇಟ್ಟು ಹೊಲಿಯುವುದು ನನ್ನ ಪಾಲಿನ ಕೆಲಸ.